ಶಬ್ದಪ್ರೇಮವೂ ಪ್ರಕಟಣೆಯ ಧರ್ಮವೂ

ಮಾತನ್ನು ಪ್ರೀತಿಸುವವನು ಒಂದಲ್ಲ ಒಂದು ದಿನ ಬರೆಯತೊಡಗುತ್ತಾನೆ. ಬರೆದವನು ಒಂದಲ್ಲ ಒಂದು ದಿನ ಅದನ್ನು ನಾಲ್ವರ ಮುಂದಿಡಬಯಸುತ್ತಾನೆ. ಎರಡೂ ಸಹಜವಾದ ಬಯಕೆಗಳೇ. ಆದರೆ ಅವುಗಳ ನಡುವೆ ಒಂದು ನೈತಿಕ ಪ್ರಶ್ನೆ ಅಡಗಿದೆ. ತಾನು ರಚಿಸಿದ ಕಥೆ ಅಚ್ಚಿಗೆ ಯೋಗ್ಯವೆಂದು ತಾನೇ ತೀರ್ಮಾನಿಸಿ, ತಾನೇ ಪ್ರಕಟಿಸಿ, ತಾನೇ ಮಾರಲು ಹೊರಡುವ ಲೇಖಕನದು ಸಾಹಸವೋ, ಅಹಂಕಾರವೋ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಗ್ರಂಥಕರ್ತರಿಗೂ ಸಲ್ಲುವುದಲ್ಲವೇ?

ಹಿಂದೆ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಕವಿ ಬರೆಯುತ್ತಿದ್ದನು; ಆಶ್ರಯದಾತರು ಮೆಚ್ಚಿ ಪ್ರತಿ ಮಾಡಿಸುತ್ತಿದ್ದರು. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ನಮ್ಮ ವಿದ್ಯಾರ್ಥಿಗಳೆಲ್ಲರೂ ಓದಿ ತಿಳಿದ ಸಂಗತಿ. ಅಚ್ಚಿನ ಯಂತ್ರ ಬಂದಿತು, ಅರಸರ ಆಶ್ರಯ ಹೋಯಿತು. ಕಾಗದಕ್ಕೂ ಮಸಿಗೂ ಹಣ ತೆರುವವರು ಯಾರು, ಕೃತಿಯ ಯೋಗ್ಯತೆಯನ್ನು ಅಳೆಯುವವರು ಯಾರು ಎಂಬ ಚಿಂತೆ ಲೇಖಕನ ಹೆಗಲಿಗೇರಿತು. ಕನ್ನಡನಾಡು ಬೇರೆ ಬೇರೆ ಆಡಳಿತಗಳಲ್ಲಿ ಹರಿದು ಹಂಚಿಹೋಗಿದ್ದ ಆ ಕಾಲದಲ್ಲಿ ಮೂವರು ಈ ಚಿಂತೆಗೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕಂಡುಕೊಂಡರು. ಮೂವರೂ ಪಾಠ ಹೇಳುತ್ತಿದ್ದವರೆಂಬುದು ಉಪಾಧ್ಯಾಯವರ್ಗದವರಾದ ನಾವು ನೆನೆಯತಕ್ಕ ಮಾತು.

ಮೊದಲನೆಯವನು ಮುದ್ದಣ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದನು. ಉಡುಪಿಯೂ ಕಾಸರಗೋಡೂ ಆಗ ಮದರಾಸು ಆಧಿಪತ್ಯದ ಒಂದೇ ಜಿಲ್ಲೆಯಲ್ಲಿದ್ದುವು. ಹಗಲೆಲ್ಲ ಬಯಲಿನಲ್ಲಿ ಹುಡುಗರಿಗೆ ಕವಾಯತು ಕಲಿಸಿದವನು ಹಳಗನ್ನಡದ ಸೊಲ್ಲುಗಳನ್ನು ಆಯ್ದು ಆಯ್ದು ಪೋಣಿಸುತ್ತ ಕುಳಿತನು. ತಾನು ಬರೆದುದನ್ನು ಮೈಸೂರಿನ ಪ್ರಾಚೀನ ಕಾವ್ಯಗಳ ಪತ್ರಿಕೆಗೆ ಕಳುಹಿದಾಗ, ಅದು ಯಾವನೋ ಹಿಂದಿನ ಕವಿಯ ಕೃತಿ, ತನಗೆ ದೊರೆತ ಹಸ್ತಪ್ರತಿ ಎಂದು ಸೂಚಿಸಿದನು. ಡ್ರಿಲ್ ಮಾಸ್ತರನ ಬರಹವೆಂದರೆ ಪಂಡಿತರು ಕಣ್ಣೆತ್ತಿಯೂ ನೋಡಲಾರರೆಂಬ ಶಂಕೆ ಅವನನ್ನು ಕಾಡಿದ್ದಿರಬೇಕು. ಬದುಕಿರುವ ಕವಿಯೊಬ್ಬನು ತನ್ನ ಕೃತಿಗೆ ದಾರಿ ಮಾಡಿಕೊಡಲು ಸತ್ತ ಕವಿಯ ವೇಷವನ್ನು ಧರಿಸಬೇಕಾಯಿತು! 1901ರಲ್ಲಿ, ಮೂವತ್ತೊಂದರ ಎಳೆಯ ಪ್ರಾಯದಲ್ಲಿ, ಅವನು ಕ್ಷಯರೋಗದಿಂದ ತೀರಿಕೊಂಡನು. ಮುದ್ದಣನೆಂದರೆ ಇವನೇ ಎಂಬುದು ನಾಡಿಗೆ ಗೊತ್ತಾದದ್ದು ಆಮೇಲೆ.

ಅವನು ಆಡಿದ್ದು ಸುಳ್ಳಲ್ಲವೇ ಎಂದು ನೀತಿವಂತರು ಕೇಳಬಹುದು. ಸುಳ್ಳೇ ಸರಿ. ಆದರೆ ಹೆಸರನ್ನು ಗಳಿಸಲು ಸುಳ್ಳಾಡುವವರ ಲೋಕದಲ್ಲಿ ಹೆಸರನ್ನು ಕಳೆದುಕೊಳ್ಳಲು ಸುಳ್ಳಾಡಿದವನು ಅಪರೂಪ. ಅವನಿಗೆ ಮಾತು ಉಳಿದರೆ ಸಾಕಾಗಿತ್ತು. ಅದಕ್ಕಿಂತ ಮುಖ್ಯವಾದುದು ಅವನ ‘ಶ್ರೀರಾಮಾಶ್ವಮೇಧ’ದಲ್ಲಿಯೇ ಇದೆ. ಆ ಗದ್ಯಕಥೆಯನ್ನು ಕವಿ ತನ್ನ ಮಡದಿ ಮನೋರಮೆಗೆ ಹೇಳುತ್ತಾನೆ. ಆಕೆ ಸುಮ್ಮನೆ ಕೇಳುವವಳಲ್ಲ. ಪದ್ಯ ಬೇಡ, ಗದ್ಯವಿರಲಿ ಎನ್ನುತ್ತಾಳೆ. ಸಂಸ್ಕೃತದ ಬಿಗುಪು ಹೆಚ್ಚಿದರೆ ತಡೆಯುತ್ತಾಳೆ. ವರ್ಣನೆ ಉದ್ದವಾದರೆ ಹಾಸ್ಯ ಮಾಡುತ್ತಾಳೆ. ಶಬ್ದಗಳ ಮೋಹದಲ್ಲಿ ಮುಳುಗಿದ್ದ ಕವಿಯೇ ತನ್ನ ಮೋಹಕ್ಕೆ ಅಂಕುಶ ಹಾಕುವ ಕೇಳುಗಳನ್ನು ಸೃಷ್ಟಿಸಿಕೊಂಡನು. ಅಚ್ಚಿನಲ್ಲಿ ತನ್ನ ಹೆಸರು ಕಾಣಿಸಬಾರದೆಂದವನಿಗೆ, ಕಥೆಯೊಳಗೆ ಓದುಗಳ ದನಿ ಮಾತ್ರ ಕೇಳಿಸಲೇಬೇಕಾಗಿತ್ತು.

ಎರಡನೆಯವರು ಗಳಗನಾಥರು. 1869ರಲ್ಲಿ ಹಾವೇರಿ ಸೀಮೆಯ ಗಳಗನಾಥದಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಕನ್ನಡ ಶಾಲೆಯ ಮಾಸ್ತರರು. ಮುಂಬಯಿ ಆಧಿಪತ್ಯದ ಆ ಭಾಗದಲ್ಲಿ ಕಲಿತವರ ಕೈಯಲ್ಲಿ ಮರಾಠಿ ಪುಸ್ತಕಗಳೇ ಇರುತ್ತಿದ್ದುವು. ಗಳಗನಾಥರು ಮರಾಠಿಯನ್ನು ದ್ವೇಷಿಸಲಿಲ್ಲ. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಓದಿ, ಕನ್ನಡಕ್ಕೆ ತಂದು, ತಾವೂ ಸ್ವತಂತ್ರವಾಗಿ ಬರೆದರು. ಬರೆದದ್ದನ್ನು ಅಚ್ಚು ಮಾಡಿಸಿ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರಿಂದೂರಿಗೆ ಹೋಗಿ, ಮನೆಮನೆಯ ಬಾಗಿಲಲ್ಲಿ ನಿಂತು ಮಾರಿದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯ ಮೂಲಕವೂ ಅವರ ಕಥೆಗಳು ಮನೆಗಳನ್ನು ಸೇರಿದುವು. ತನ್ನ ಪುಸ್ತಕವನ್ನು ತಾನೇ ಹೊತ್ತವನಿಗೆ ಅದರ ತೂಕ ತಿಳಿಯುತ್ತದೆ. ಕೊಂಡವನು ಮರುವರ್ಷ ಅದೇ ಬಾಗಿಲಲ್ಲಿ ಎದುರಾಗುತ್ತಾನೆ. ಪುಸ್ತಕ ಸಪ್ಪೆಯಾಗಿದ್ದರೆ ಮುಖದ ಮೇಲೆಯೇ ಹೇಳುತ್ತಾನೆ. ಇಂಥ ಲೇಖಕನಿಗೆ ಅಹಂಕಾರ ಬೆಳೆಸಿಕೊಳ್ಳಲು ಎಡೆಯೆಲ್ಲಿ?

ಮೂರನೆಯವರು ನಂಜನಗೂಡು ತಿರುಮಲಾಂಬ. 1887ರಲ್ಲಿ ಹುಟ್ಟಿ, ಎಳವೆಯಲ್ಲೇ ವೈಧವ್ಯಕ್ಕೆ ಗುರಿಯಾದವರು. ಮನೆಯ ಹೊಸ್ತಿಲೇ ಲೋಕದ ಎಲ್ಲೆಯಾಗಿದ್ದ ಸ್ಥಿತಿಯಲ್ಲಿ ತಂದೆಯ ಬೆಂಬಲದಿಂದ ಓದಿದರು, ಹೆಣ್ಣುಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿದರು. ಬಾಲವಿಧವೆಯ ಕಾದಂಬರಿಗೆ ಯಾರಾದರೂ ಪ್ರಕಾಶಕರು ಮುಂದೆ ಬಂದಾರೆಂದು ಕಾದು ಕೂರಲಿಲ್ಲ. ‘ಸತೀಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ತೆರೆದು, 1913ರಲ್ಲಿ ‘ಸುಶೀಲೆ’ಯನ್ನು ಹೊರತಂದರು. ಪುಸ್ತಕ ಮರುಮುದ್ರಣಗಳನ್ನು ಕಂಡಿತು. ‘ಕರ್ನಾಟಕ ನಂದಿನಿ’ ಎಂಬ ಪತ್ರಿಕೆಯನ್ನೂ ನಡೆಸಿದರು. ಇವರು ಪರರ ಒಪ್ಪಿಗೆಗಾಗಿ ಕಾದಿದ್ದರೆ ಕನ್ನಡದ ಹೆಂಗಸರು ತಮ್ಮಂಥ ಹೆಂಗಸೊಬ್ಬಳ ಲೇಖನಿಯಿಂದ ಕಾದಂಬರಿಯನ್ನು ಓದಲು ಇನ್ನೆಷ್ಟು ವರ್ಷ ಕಾಯಬೇಕಾಗುತ್ತಿತ್ತೋ! ಮುಂದೆ ಅವರ ಲೇಖನಿ ನಿಂತಿತು. ನಾಡು ಅವರನ್ನು ಬಹುಮಟ್ಟಿಗೆ ಮರೆಯಿತು. 1982ರವರೆಗೆ ಅವರು ಬದುಕಿದ್ದರು. ಸ್ವಂತ ಪ್ರಯತ್ನದಿಂದ ಪುಸ್ತಕವನ್ನು ಹೊರತರಬಹುದು; ಅದನ್ನು ನೆನಪಿನಲ್ಲಿಡುವುದು ಮಾತ್ರ ಸಮಾಜದ ಕೆಲಸ ಎಂಬ ಕಹಿಪಾಠವನ್ನು ಅವರ ಬಾಳು ಕಲಿಸುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರಕಾಶಕನ ಮುದ್ರೆಯೇ ಯೋಗ್ಯತೆಯ ಪ್ರಮಾಣವೆನ್ನುವಂತಿಲ್ಲ; ಅವನ ತಕ್ಕಡಿಯಲ್ಲಿ ಮಾರಾಟದ ಬಟ್ಟೂ ಇರುತ್ತದೆ. ಹಾಗೆಂದು ತನ್ನಿಚ್ಛೆಯೇ ಪ್ರಮಾಣವೆಂದರೂ ತಪ್ಪು. ಇಂದು ಗಣಕಯಂತ್ರದ ಮುಂದೆ ಕುಳಿತವನು ಬರೆದ ಮರುಗಳಿಗೆಯಲ್ಲೇ ತನ್ನ ಕಥೆಯನ್ನು ಲೋಕಕ್ಕೆ ಬಿಡಬಲ್ಲನು. ಗಂಟು ಹೊರುವ ಶ್ರಮ ತಪ್ಪಿತು. ಜೊತೆಗೆ ಬಾಗಿಲಲ್ಲಿ ನಿಂತು ‘ಚೆನ್ನಾಗಿಲ್ಲ’ ಎನ್ನುವವನೂ ತಪ್ಪಿಹೋದನು. ನನ್ನ ಅಭಿಪ್ರಾಯದಲ್ಲಿ, ಸ್ವತಂತ್ರ ಲೇಖಕನ ಧರ್ಮ ಇಷ್ಟೇ: ಯಾರ ಅಪ್ಪಣೆಗೂ ಕಾಯದಿರುವ ಹಕ್ಕನ್ನು ಬಳಸುವವನು, ‘ಬೇಡ’ ಎನ್ನುವ ಒಬ್ಬ ಓದುಗನನ್ನು ತಾನಾಗಿ ಹುಡುಕಿಕೊಳ್ಳಬೇಕು. ಅವನ ಮಾತಿಗೆ ಕಿವಿಗೊಟ್ಟು ತನಗೆ ಪ್ರಿಯವಾದ ಪದವನ್ನು ಹೊಡೆದುಹಾಕುವಾಗ ಆಗುವ ನೋವೇ ಶಬ್ದಪ್ರೇಮದ ಒರೆಗಲ್ಲು. ಪದವನ್ನು ನಿಜವಾಗಿ ಪ್ರೀತಿಸುವವನು ಅದನ್ನು ಸಲ್ಲದ ಕಡೆ ನಿಲ್ಲಿಸಿ ಅವಮಾನಿಸಲಾರನು.

ಗಡಿಯಾಚೆ ನೆಲೆಸಿದ ನಮಗೆ ಈ ಮಾತು ಇನ್ನೂ ಹತ್ತಿರದ್ದು. ಬೆಂಗಳೂರು, ಧಾರವಾಡ, ಮೈಸೂರುಗಳ ಪ್ರಕಾಶಕರು ನಮಗೆ ದೂರ. ಶಾಲೆಯ ಗೋಡೆಪತ್ರಿಕೆ, ಸಂಘದ ಈ ಮಸಿ ಹತ್ತುವ ಪುಟಗಳು ಹತ್ತಿರ. ನಮ್ಮ ಹುಡುಗರು ಮನೆಯಾಚೆ ಇನ್ನೊಂದು ನುಡಿಯನ್ನಾಡಿ, ತರಗತಿಯಲ್ಲಿ ಕನ್ನಡಕ್ಕೆ ಮರಳುವವರು. ಅವರಲ್ಲೊಬ್ಬನು ಒಂದು ಕಥೆಯನ್ನು ಬರೆದು ನಾಚುತ್ತ ಮೇಜಿನ ಮೇಲಿಟ್ಟಾಗ, ಆ ಕಥೆಯ ಮೊದಲ ಓದುಗನೂ ಮೊದಲ ಪ್ರಕಾಶಕನೂ ಆ ಗುರುವೇ. ಬರಿಯ ಕಾಗುಣಿತ ತಿದ್ದಿ ಹಿಂದಿರುಗಿಸಿದರೆ ಕೆಲಸ ಅರ್ಧವಾದೀತು. ಬರಿದೆ ಹೊಗಳಿದರೆ ಪೂರ್ತಿ ಕೆಟ್ಟೀತು. ‘ಇಲ್ಲಿ ನಿನ್ನ ಮಾತು ಸೊಗಸಾಗಿದೆ, ಇಲ್ಲಿ ನನಗೆ ಬೇಸರವಾಯಿತು’ ಎಂದು ನಿಜವನ್ನು ನುಡಿಯುವ ಮನೋರಮೆ ಅವನಿಗೆ ಬೇಕು. ಅಂಥವರು ದೊರೆತರೆ ಅವನು ಮುದ್ದಣನಂತೆ ತನ್ನ ಹೆಸರನ್ನು ಮರೆಸಿಕೊಳ್ಳಬೇಕಾಗಿಲ್ಲ.