ಹಳೆಯ ಗ್ರಂಥದ ಋಣ

ಅಜ್ಜನ ಕಾಲದ ಸತ್ಯವೇದವೊಂದು ಮನೆಯಲ್ಲಿ ಜೀರ್ಣವಾಗಿದೆ. ಹೊಲಿಗೆ ಬಿಚ್ಚಿದೆ, ಅಂಚನ್ನು ಹುಳು ತಿಂದಿದೆ. ಅದನ್ನೇನು ಮಾಡತಕ್ಕದ್ದು? ರದ್ದಿಗೆ ಹಾಕಲು ಮನಸ್ಸೊಪ್ಪದು. ಪೆಟ್ಟಿಗೆಯಲ್ಲಿಟ್ಟು ಮರೆತರೆ ಗೆದ್ದಲಿನ ಪಾಲು. ಓಲೆಗರಿಯ ಭಾರತವನ್ನು ನವರಾತ್ರಿಯಲ್ಲಿ ಪೂಜಿಸಿ ಮರಳಿ ಅಟ್ಟಕ್ಕೇರಿಸುವ ಮನೆಗಳಿಗೂ ಈ ಪ್ರಶ್ನೆ ತಪ್ಪಿದ್ದಲ್ಲ.

ನಮ್ಮ ಸೀಮೆಗೆ ಇದು ಹೊರಗಿನ ಮಾತೂ ಅಲ್ಲ. ಸಂಪೂರ್ಣ ಬೈಬಲ್ಲು ಕನ್ನಡದಲ್ಲಿ ಮೊದಲು ಅಚ್ಚಾದುದು 1831ರಲ್ಲಿ, ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಅನುವಾದಕರಲ್ಲಿ ಪ್ರಮುಖರು. 1953ರವರೆಗೆ ನಮ್ಮ ಆದವಾನಿಯೂ ಬಳ್ಳಾರಿ ಜಿಲ್ಲೆಗೇ ಸೇರಿತ್ತು.

ಪಾವಿತ್ರ್ಯವಿರುವುದು ಕಾಗದದಲ್ಲಿಯೋ, ವಾಕ್ಯದಲ್ಲಿಯೋ? ವಾಕ್ಯವು ಹೊಸ ಪ್ರತಿಯಲ್ಲಿಯೂ ದೊರೆಯುತ್ತದೆ. ಆದರೆ ಮೊದಲ ಹಾಳೆಯಲ್ಲಿ ಹಿರಿಯರು ಸ್ವಹಸ್ತದಿಂದ ಬರೆದಿಟ್ಟ ಜನನ, ವಿವಾಹ, ಮರಣಗಳ ತೇದಿಗಳು ಬೇರೆಲ್ಲಿಯೂ ದೊರೆಯವು. ಆದುದರಿಂದ ಮೊದಲು ಆ ಹಾಳೆಯನ್ನು ನಕಲು ಮಾಡಿ ಎಲ್ಲ ಮಕ್ಕಳಿಗೂ ಕೊಡಬೇಕು. ಪ್ರತಿಯು ಅಪರೂಪದ್ದಾದರೆ, ಕಾಪಾಡಬಲ್ಲ ಗ್ರಂಥಭಂಡಾರಕ್ಕೆ ಒಪ್ಪಿಸಬೇಕು. ಅದು ಹಿರಿಯರ ಅನಾದರವಲ್ಲ. ಸಾಮಾನ್ಯ ಪ್ರತಿಯಾದರೆ ಓದುವವರ ಕೈಗೆ ಸೇರಲಿ. ತೀರ ಶಿಥಿಲವಾದುದನ್ನು ಗೌರವದಿಂದ ಮಣ್ಣಿಗೊಪ್ಪಿಸಬಹುದು.

ಆದರೂ ಒಂದು ಭಯವುಂಟು. ಗಡಿಯಲ್ಲಿರುವ ನಮ್ಮ ಮಕ್ಕಳು ಕನ್ನಡದ ಅಕ್ಷರಗಳನ್ನೇ ಮರೆತರೆ, ರೇಷ್ಮೆಯಲ್ಲಿ ಸುತ್ತಿಟ್ಟ ಗ್ರಂಥವೂ ಮೂಕವೇ. ಗೆದ್ದಲು ತಿಂದುದಕ್ಕಿಂತ ಇದು ದೊಡ್ಡ ನಷ್ಟ. ಏಕೆಂದರೆ ಕಣ್ಣಿಗೆ ಕಾಣದು. ಶಾಲೆಯಿಂದ ಬಂದ ಮೊಮ್ಮಗಳು, ಕಣ್ಣು ಮಂಜಾದ ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿ ಹೇಳಲಿ. ಹಳೆಯ ಗ್ರಂಥದ ಋಣ ತೀರುವುದು ಹಾಗೆ.