ಚಲಚ್ಚಿತ್ರಗಳ ರಕ್ಷಣೆ: ನಿತ್ಯಕರ್ಮವೋ, ನೈಮಿತ್ತಿಕವೋ?

೧೯೩೪ನೆಯ ಇಸವಿಯ ಮಾರ್ಚದಲ್ಲಿ ಬೆಂಗಳೂರಲ್ಲಿ ತೆರೆಗೆ ಬಂದ ‘ಸತಿ ಸುಲೋಚನಾ’ ಎಂಬುದು ಕನ್ನಡದ ಮೊದಲನೆಯ ಬೋಲಪಟವು. ವೈ. ವ್ಹಿ. ರಾವ್ ಅವರ ನಿರ್ದೇಶನದಲ್ಲಿ ಕೊಲ್ಹಾಪುರದಲ್ಲಿ ಸಿದ್ಧವಾದ ಅದರಲ್ಲಿ ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ನಾಗೇಂದ್ರರಾಯ ಮೊದಲಾದವರು ನಟಿಸಿದ್ದರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಭರತಖಂಡದ ಮೊದಲ ಬೋಲಪಟವಾದ, ೧೯೩೧ರ ‘ಆಲಂ ಆರಾ’ದ ಗತಿಯೂ ಅದೇ.

ಇಂಥ ಚಿತ್ರಗಳನ್ನು ಕಾಯಲು ಸರಕಾರವು ಪ್ರಜೆಗಳ ಹಣವನ್ನು ವೆಚ್ಚಮಾಡುವದು ಧರ್ಮವೇ? ಪೂರ್ವಪಕ್ಷವು ದುರ್ಬಲವಾದುದಲ್ಲ. ನೋಡಿದವನು ದುಡ್ಡು ಕೊಟ್ಟನು, ತೋರಿಸಿದವನು ಪಡೆದನು. ವ್ಯವಹಾರವು ಅಲ್ಲಿಗೆ ತೀರಿತು. ಮಾಡು ಸೋರುವ ಶಾಲೆಗಳಿರುವಾಗ ಹಳೆಯ ವಿನೋದಕ್ಕೆ ಭಂಡಾರವೇಕೆ? ಉತ್ತರವಿಷ್ಟೇ: ಸೋರುವ ಮಾಡನ್ನು ತಡವಾಗಿಯಾದರೂ ಹೊದಿಸಬಹುದು; ನಾಶವಾದ ಚಿತ್ರವನ್ನು ಎಷ್ಟು ಹೊನ್ನು ಸುರಿದರೂ ಮರಳಿ ತರಲಾಗದು. ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವನ್ನು, ಎಂದರೆ ನಂಬಿ ಒಪ್ಪಿಸಿದ ವಸ್ತುವನ್ನು, ಕಾಪಾಡುವದು ಕರ್ತವ್ಯವೆಂದಿರುವರು. ಹಿಂದಿನವರ ಮಾತು, ಉಡುಗೆ, ಹಾವಭಾವಗಳನ್ನು ಹಿಡಿದಿಟ್ಟ ಚಿತ್ರವು ಇನ್ನೂ ಹುಟ್ಟದವರ ನಿಕ್ಷೇಪವು. ನಾವು ಒಡೆಯರಲ್ಲ, ಕಾಯುವವರು.

ಆದರೆ ಕಾಯುವದೆಂತು? ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ತಾಳೆಯೋಲೆಯು ಶತಮಾನಗಳ ವರೆಗೆ ಬಾಳುತ್ತದೆ. ಚಿತ್ರದ ಸುರುಳಿಗೆ ಅಷ್ಟು ತಾಳ್ಮೆಯಿಲ್ಲ. ಹಳೆಯ ನೈಟ್ರೇಟ್ ಸುರುಳಿಯು ಸುಲಭವಾಗಿ ಹೊತ್ತಿಕೊಳ್ಳುವದು. ೨೦೦೩ರ ಜನವರಿಯಲ್ಲಿ ಪುಣೆಯಲ್ಲಿ ಅಂಥ ಅನೇಕ ಸುರುಳಿಗಳು ಬೆಂಕಿಗೆ ಆಹುತಿಯಾದವು. ತರುವಾಯದ ಅಸಿಟೇಟ್ ಸುರುಳಿಯು ಸೆಕೆ ತೇವಗಳಿಂದ ಹುಳಿವಾಸನೆ ಹಿಡಿದು ಮುರುಟಿಕೊಳ್ಳುವದು. ಅವುಗಳಿಗೆ ಹಗಲಿರುಳೂ ತಂಪಾದ, ಒಣಗಿದ ಕೋಣೆಯು ಬೇಕು.

ನಮ್ಮ ಬ್ಯಾಡಗಿಯ ವ್ಯಾಪಾರಿಗಳು ಇದನ್ನು ಚೆನ್ನಾಗಿ ಬಲ್ಲರು. ಮೆಣಸಿನಕಾಯಿಯ ಬಣ್ಣವು ಕೆಡದಿರಲೆಂದು ಅವರು ಅದನ್ನು ಶೀತಲಗೃಹಗಳಲ್ಲಿಟ್ಟು ಬಾಡಿಗೆ ತೆರುವರು; ಮುಂದೆ ಒಳ್ಳೆಯ ಬೆಲೆ ಬರುವದೆಂಬ ಭರವಸೆಯುಂಟು. ಹಳೆಯ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಕೊಳ್ಳುವವರಿಲ್ಲ. ಆದುದರಿಂದಲೇ ಅವುಗಳ ಬಾಡಿಗೆಯನ್ನು ಸರಕಾರವು ತೆರತಕ್ಕದ್ದು.

ಸರಕಾರವು ಏನೂ ಮಾಡಿಲ್ಲವೆಂದಲ್ಲ. ೧೯೬೪ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾಯಿತು, ಪಿ. ಕೆ. ನಾಯರ್ ಅವರು ದೇಶವೆಲ್ಲ ತಿರುಗಿ ಸುರುಳಿಗಳನ್ನು ಕೂಡಿಹಾಕಿದರು. ಕಳೆದ ದಶಕದಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಪರಂಪರೆಯ ಯೋಜನೆಗೆ ಸುಮಾರು ೫೯೭ ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಲಾಯಿತು. ೨೦೨೨ರಲ್ಲಿ ಸಂಗ್ರಹಾಲಯವನ್ನು ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಸಲಾಯಿತು.

ಇಲ್ಲಿಯೇ ವಿಚಾರವಂತರು ತಡೆದು ಯೋಚಿಸಬೇಕು. ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ ಎಂದು ವಿಂಗಡಿಸಿರುವರು. ಗ್ರಹಣಸ್ನಾನವು ನೈಮಿತ್ತಿಕವು, ಸಂಧ್ಯಾವಂದನೆಯು ನಿತ್ಯವು. ನಿತ್ಯವನ್ನು ಮಾಡಿದರೆ ವಿಶೇಷ ಫಲವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು. ಯೋಜನೆಯು ಎಷ್ಟು ದೊಡ್ಡದಾದರೂ ನೈಮಿತ್ತಿಕವೇ. ಅದರ ಅವಧಿಯು ಮುಗಿಯುವದು, ಸೆಕೆಯು ಮುಗಿಯದು. ತಂಪನ್ನು ಕಾಯುವದೇ ನಿತ್ಯಕರ್ಮವು. ಅದಕ್ಕೆ ಉದ್ಘಾಟನೆಯಿಲ್ಲ, ಹೂಮಾಲೆಯಿಲ್ಲ. ಒಂದು ಬೇಸಿಗೆಯ ಅಲಕ್ಷ್ಯವು ಮಾತ್ರ ಅರ್ಧ ಶತಮಾನದ ಸಂಗ್ರಹವನ್ನು ನುಂಗಬಲ್ಲದು.

ಆದಕಾರಣ ವರ್ಷವರ್ಷವೂ ತಪ್ಪದ ಮುಡಿಪು, ಬೇರೊಂದು ಊರಿನಲ್ಲಿ ಎರಡನೆಯ ಪ್ರತಿ, ನಿರ್ಮಾಪಕನಿಂದ ಮೊದಲೇ ಒಂದು ಪ್ರತಿಯ ಸಲ್ಲಿಕೆ, ಈ ಮೂರೂ ಆಯವ್ಯಯದಲ್ಲಿಯೂ ಕಾಯದೆಯಲ್ಲಿಯೂ ನೆಲೆಗೊಳ್ಳಬೇಕು. ‘ಸತಿ ಸುಲೋಚನಾ’ವನ್ನು ನಾವು ಇನ್ನು ಕಾಣಲಾರೆವು. ಉಳಿದವುಗಳನ್ನು ನಮ್ಮ ಮೊಮ್ಮಕ್ಕಳು ಕಾಣುವರೋ ಇಲ್ಲವೋ ಎಂಬುದು ಪ್ರತಿವರ್ಷದ ಆ ಸಣ್ಣ ಮೊತ್ತವನ್ನು ಅವಲಂಬಿಸಿದೆ.