ದೇವಮಾತೆ ಎಂಬ ಒಂದು ಮಾತು

ಸಂಜೆ ಜಪಸರ ಹಿಡಿದು ಕೂತ ಕಥೋಲಿಕ ಕನ್ನಡಿಗರ ಮನೆಯಲ್ಲಿ ‘ದೇವಮಾತೆ’ ಎಂಬ ಪದ ಐವತ್ತಕ್ಕೂ ಹೆಚ್ಚು ಸಲ ಬಂದುಹೋಗುತ್ತದೆ. ಬೆರಳು ಮಣಿಯಿಂದ ಮಣಿಗೆ ಸರಿಯುವಾಗ ಅದು ಯಾರ ನಾಲಿಗೆಗೂ ತೊಡಕಾಗುವುದಿಲ್ಲ. ಇದೇ ಪದ ಒಬ್ಬ ಧರ್ಮಾಧ್ಯಕ್ಷನ ಗಂಟಲಲ್ಲಿ ಸಿಕ್ಕಿಕೊಂಡಿತು. ಅಂದು ಬಿದ್ದ ಬಿರುಕು ಹದಿನೈದು ಶತಮಾನ ಕೂಡಲಿಲ್ಲ.

ಆತ ನೆಸ್ತೋರಿಯಸ್. 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಪೀಠವೇರಿದ ಹೊಸತರಲ್ಲಿ ಪಾಷಂಡಿಗಳನ್ನು, ಎಂದರೆ ಸಭೆಯ ನಂಬಿಕೆಯಿಂದ ಬೇರೆಯಾದವರನ್ನು, ಬೆನ್ನಟ್ಟಿದವನೂ ಇವನೇ. ಹುಟ್ಟು ಸಾವಿಲ್ಲದ ದೇವರಿಗೆ ತಾಯಿಯುಂಟೇ ಎಂಬುದು ಅವನ ಅಂಜಿಕೆ. ಮರಿಯಳ ಮಡಿಲಲ್ಲಿ ಹಸಿದು ಅತ್ತದ್ದು ಕ್ರಿಸ್ತನ ಮಾನವ ಸ್ವಭಾವ, ಅವಳನ್ನು ‘ಕ್ರಿಸ್ತಮಾತೆ’ ಎನ್ನಿ ಎಂದ. ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಸಿರಿಲ್‌ನ ಅಂಜಿಕೆ ಬೇರೆ. ಹೀಗೆ ಸೀಳಿದರೆ ಕ್ರಿಸ್ತ ಇಬ್ಬರಾಗುತ್ತಾನೆ, ಶಿಲುಬೆಯ ಮೇಲೆ ಸತ್ತವನು ಬರಿಯ ಮನುಷ್ಯನಾಗುತ್ತಾನೆ, ಹಾಗಾದರೆ ನಮ್ಮನ್ನು ಕಾಯುವವರು ಯಾರು? ನನಗೆ ಎರಡು ಅಂಜಿಕೆಗಳಲ್ಲೂ ಭಕ್ತಿಯೇ ಕಾಣುತ್ತದೆ. 431ರ ಜೂನ್ 22ರಂದು ಎಫೆಸದಲ್ಲಿ, ನೆಸ್ತೋರಿಯಸ್‌ನ ಪರವಿದ್ದ ಅಂತಿಯೋಕ್ಯದ ಕಡೆಯವರು ಬಂದು ತಲುಪುವ ಮೊದಲೇ, ಈ ಜಗಳ ತೀರಿಸಲು ಕರೆದ ಸಭೆಯನ್ನು ಸಿರಿಲ್ ಆರಂಭಿಸಿದ. ಒಂದೇ ದಿನದಲ್ಲಿ ನೆಸ್ತೋರಿಯಸ್‌ನ ಪದವಿ ಹೋಯಿತು. ತಡವಾಗಿ ಬಂದವರು ತಾವೇ ಬೇರೆ ಸಭೆ ಕೂಡಿ ಸಿರಿಲ್‌ನ ಪದವಿ ಕಳೆದರು. ಕೊನೆಗೆ ನಿಂತದ್ದು ಸಿರಿಲ್‌ನ ತೀರ್ಪು.

ಪಾಷಂಡ ಎಂಬ ಪದಕ್ಕೂ ಒಂದು ಬಾಳಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಗುಡಿಯಲ್ಲಿ, ದೇವಿಯ ಪೀಠವಾಗಿದ್ದ ಕಲ್ಲೊಂದು ಅಶೋಕನ ಶಾಸನವೆಂದು ಗೊತ್ತಾದದ್ದು 1980ರ ದಶಕದ ಕೊನೆಗೆ. ಅದರಲ್ಲಿರುವ, ಅಶೋಕನ ಶಿಲಾಶಾಸನಗಳ ಸಾಲಿನ ಹನ್ನೆರಡನೆಯದರ ವಿಷಯವೇ ಪಾಷಂಡಗಳು. ಅಲ್ಲಿ ಆ ಮಾತಿಗೆ ಬೈಗುಳದ ಸೋಂಕಿಲ್ಲ. ಪಂಥ ಎಂದಷ್ಟೇ ಅರ್ಥ. ಎಲ್ಲ ಪಾಷಂಡಗಳನ್ನೂ ಗೌರವಿಸಬೇಕೆಂದು ಅರಸ ಹೇಳುತ್ತಾನೆ. ಗ್ರೀಕರ ‘ಹೈರೆಸಿಸ್’ ಹೆಚ್ಚುಕಡಿಮೆ ಇದೇ ದಾರಿ ನಡೆದಿದೆ. ಮೊದಲು ಆಯ್ಕೆ, ಆಮೇಲೆ ಪಂಥ. ಬೈಬಲಿನ ಪ್ರೇಷಿತರ ಕಾರ್ಯಗಳಲ್ಲಿ ಫರಿಸಾಯರನ್ನು ಕರೆಯುವುದು ಆ ಪದದಿಂದ; ಪೌಲನನ್ನು ರಾಜ್ಯಪಾಲನೆದುರು ನಿಲ್ಲಿಸಿದಾಗ ಕ್ರೈಸ್ತರನ್ನು ಕರೆದದ್ದೂ ಅದರಿಂದಲೇ. ಹಾಗೆ ಕರೆಸಿಕೊಂಡವರ ವಂಶವೇ ಮುಂದೆ ಆ ಪದವನ್ನು ತಮ್ಮವರ ಮೇಲೆ ತಿರುಗಿಸಿತು.

ತಮ್ಮವರ ಮೇಲೆ, ಹೊರಗಿನವರ ಮೇಲಲ್ಲ. ಕ್ರಿಸ್ತನ ಹೆಸರನ್ನೇ ಕೇಳದವನು ಪಾಷಂಡಿಯಾಗಲಾರ. 1983ರ ಕಥೋಲಿಕ ಕಾನೂನು ಸಂಹಿತೆಯ 751ನೇ ವಿಧಿಯ ಪ್ರಕಾರ ಪಾಷಂಡಿ ಎನಿಸುವವನು ದೀಕ್ಷಾಸ್ನಾನ ಪಡೆದಿರಬೇಕು, ನಂಬಲೇಬೇಕಾದ ಸತ್ಯವನ್ನು ಹಠ ಹಿಡಿದು ಅಲ್ಲಗಳೆಯಬೇಕು ಅಥವಾ ಹಠ ಹಿಡಿದು ಸಂಶಯಿಸಬೇಕು. ಈ ಹಠ ಎಂಬ ಮಾತಿನ ಬಳಿ ನಾನು ಪ್ರತಿಸಲ ನಿಲ್ಲುತ್ತೇನೆ. ಆತ್ಮಸಾಕ್ಷಿಗೆ ಅಂಟಿಕೊಂಡವನೂ ಸತ್ಯಕ್ಕೆ ಬೆನ್ನು ತಿರುಗಿಸಿದವನೂ ಎದುರಿಗೆ ನಿಂತಾಗ ಒಂದೇ ತೆರನಾಗಿ ಕಾಣುತ್ತಾರೆ. ಪ್ರಾಟೆಸ್ಟೆಂಟರಿಗೆ ಪೋಪರ ಪೀಠವಿಲ್ಲದಿದ್ದರೂ ಈ ತೊಡಕು ತಪ್ಪಲಿಲ್ಲ. ತ್ರಿತ್ವವನ್ನು ಒಪ್ಪದ ಮಿಖಾಯೆಲ್ ಸರ್ವೆಟಸ್‌ನಿಗೆ ಕಥೋಲಿಕರೂ ಮರಣದಂಡನೆ ವಿಧಿಸಿದ್ದರು. ತಪ್ಪಿಸಿಕೊಂಡು ಬಂದವನನ್ನು 1553ರ ಅಕ್ಟೋಬರ್ 27ರಂದು ಸುಟ್ಟದ್ದು ಕ್ಯಾಲ್ವಿನ್‌ನ ಜಿನೀವ. ರೋಮಿನ ಲೆಕ್ಕದಲ್ಲಿ ಸುಟ್ಟವರೂ ಪಾಷಂಡಿಗಳೇ.

ಈ ಲೆಕ್ಕ ಭಾರತಕ್ಕೂ ಬಂತು. ನೆಸ್ತೋರಿಯಸ್‌ನನ್ನು ಗುರುವೆಂದು ನೆನೆಯುತ್ತಿದ್ದ ಪರ್ಷಿಯದ ಪೂರ್ವ ಸಭೆ ಮಲಬಾರಿನ ತೋಮಾ ಕ್ರೈಸ್ತರಿಗೆ ಧರ್ಮಾಧ್ಯಕ್ಷರನ್ನು ಕಳಿಸುತ್ತಿತ್ತು. 1599ರಲ್ಲಿ ಗೋವೆಯ ಮಹಾಧರ್ಮಾಧ್ಯಕ್ಷ ಮೆನೆಜಿಸ್ ಕೊಚ್ಚಿ ಬಳಿಯ ಉದಯಂಪೇರೂರಿನಲ್ಲಿ ಸಭೆ ಸೇರಿಸಿದ. ಸಿರಿಯಾಕ್ ಪುಸ್ತಕಗಳನ್ನು ತಿದ್ದಬೇಕು, ತಿದ್ದಲಾಗದ್ದನ್ನು ಸುಡಬೇಕು ಎಂದಾಯಿತು. ತಲೆಮಾರುಗಳಿಂದ ಓದಿಕೊಂಡು ಬಂದ ಪ್ರಾರ್ಥನೆಯೊಳಗೆ ದ್ರೋಹವಿದೆಯೆಂದು ಬೇರೆ ಸೀಮೆಯವನೊಬ್ಬ ಬಂದು ಹೇಳಿದಾಗ ಆ ಜನರಿಗೆ ಹೇಗಾಗಿರಬೇಡ! ತಾವು ನಂಬಿಕೆಯನ್ನು ಕಾಯುತ್ತಿದ್ದೇವೆ ಎಂದಷ್ಟೇ ಅವರಿಗೆ ಗೊತ್ತಿತ್ತು.

1994ರ ನವೆಂಬರ್ 11ರಂದು ಪೋಪ್ ಎರಡನೆಯ ಜಾನ್ ಪಾಲರೂ ಪೂರ್ವ ಸಭೆಯ ಮುಖ್ಯಸ್ಥ ಮಾರ್ ದಿನ್ಖಾ ಅವರೂ ಒಂದು ಘೋಷಣೆಗೆ ಸಹಿ ಹಾಕಿದರು. ಹಳೆಯ ಬಿರುಕಿನಲ್ಲಿ ಅಪಾರ್ಥದ ಪಾಲೇ ದೊಡ್ಡದಿತ್ತು, ದೇವಮಾತೆ ಎನ್ನುವುದೂ ಕ್ರಿಸ್ತಮಾತೆ ಎನ್ನುವುದೂ ಒಂದೇ ನಂಬಿಕೆಯ ಸರಿಯಾದ ಮಾತುಗಳು ಎಂದು ಇಬ್ಬರೂ ಒಪ್ಪಿದರು. ಇದನ್ನು ಓದಿ, ಎಫೆಸದ ಜಗಳವೇ ವ್ಯರ್ಥವೆಂದು ನಾನು ಹೇಳಲಾರೆ. ದೇವರು ನಿಜವಾಗಿ ಅತ್ತನೇ, ಸತ್ತನೇ ಎಂಬುದು ನಂಬುವವನ ಪಾಲಿಗೆ ಪ್ರಾಣದ ಪ್ರಶ್ನೆ. ಅದನ್ನು ಕೇಳಿದ್ದು ಸರಿ. ಎದುರಿನವನ ಉತ್ತರ ಮುಗಿಯುವವರೆಗೆ ಕಾಯದೆ ಹೋದದ್ದು ನನ್ನನ್ನು ಕಾಡುತ್ತದೆ.

ನೆಸ್ತೋರಿಯಸ್ ಈಜಿಪ್ಟಿನ ಗಡಿಪಾರಿನಲ್ಲಿ ಕೂತು ಆ ಉತ್ತರವನ್ನು ಬರೆದ. ಅವನ ಪುಸ್ತಕಗಳನ್ನು ಸುಡಬೇಕೆಂಬ ಆಜ್ಞೆಯಿತ್ತು. ಈ ಒಂದು ಪುಸ್ತಕ ಮಾತ್ರ ಸಿರಿಯಾಕ್ ಭಾಷೆಗೆ ಹೋಗಿ, ಹೆರಾಕ್ಲೀಡಿಸ್ ಎಂಬ ಬೇರೊಬ್ಬನ ಹೆಸರಿನಡಿ ಉಳಿದು, 1910ರಲ್ಲಿ ಅಚ್ಚಾಯಿತು.